ಹದಿನೇಳನೇ ಖಾನೆ

ಜೇವರ್ಗಿ ಕಚೇರಿ ಹರಾಜಿನಾಗ
ಎರಡು ಸಾವಿರದ ಮುನ್ನೂರಕ್ಕ ನನಗ ಬಿತ್ತು ಈ ಅಲಮಾರಿ.
ಸಾಗವಾನಿ. ಇಪ್ಪತ್ತು ಖಾನೆ.
ಒಂದೊಂದರ ಹಣಿಮ್ಯಾಲ ಹಿತ್ತಾಳಿ ಬಿಲ್ಲಿ,
ಬಿಲ್ಲಿಮ್ಯಾಲ ಉರ್ದು ಅಂಕಿ.
ಕಲಬುರಗಿ ಬ್ರಹ್ಮಪುರದ ಗಲ್ಲಿಗೆ ಟಂಟಂನಾಗ ತಂದು
ಹೊಲಿಗಿ ಅಂಗಡಿ ಬಾಗಲದಾಗ ಇಳಿಸಿ
ಮೊದಲನೇ ಖಾನೆ ಎಳದೆ.
ವಾಸನಿ ಹೊರಗ ಬಂತು,
ನಾ ಎರಡು ಹೆಜ್ಜಿ ಹಿಂದಕ್ಕ ಸರದೆ.

ಮುಗ್ಗಲು ಅಂದ್ರ ಬರೇ ಮುಗ್ಗಲಲ್ಲ.
ನೀರು ಕುಡದ ಪಹಣಿ, ಹಳಸಿದ ಅಂಟು, ಜಿರಳಿ,
ಸಹಿಗಾಗಿ ಕುಂತವರ ಟಾವೆಲ್ಲಿನ ಬೆವರು,
‘ಸಾಹೇಬ್ರು ಊಟಕ್ಕ ಹೋಗ್ಯಾರ’ ಅನ್ನೂ ಮಾತು
ನಲವತ್ತು ಮಳಿಗಾಲ ಒಳಗ ಚಿಲಕ ಹಾಕ್ಕೊಂಡು ಕುಂತಂಗ.
ಇದರಾಗ ಮದಿವಿ ಜಂಪರ ಇಡೂದು ಹೆಂಗ?

ಮಸ್ತಾನ ಸಾಬ ಬಂದ. ಮೂಸಲಿಲ್ಲ.
ಡಾಕ್ಟರು ಬೆನ್ನು ಬಡದಂಗ ಬಡದು ನೋಡಿದ.
“ಅತ್ತರ ಹಾಕಬ್ಯಾಡ ಬೇಟಿ,
ಎರಡು ವಾಸನಿ ಆಗ್ತಾವ, ಒಂದೂ ಹೋಗಂಗಿಲ್ಲ.
ಮೊದಲು ಒಣಾ ಅರಬಿ. ಆಮ್ಯಾಲ ಸಿರಕಾ, ಅರ್ಧಕ್ಕರ್ಧ ನೀರು.
ಹಿಂಡಿ ಒರಸು, ತೋಯಸಬ್ಯಾಡ.
ಕಟಗಿ ಒಮ್ಮೆ ಕುಡೀತಂದ್ರ ಲಗೂ ಬಿಡಂಗಿಲ್ಲ.”
“ಆಮ್ಯಾಲ ಬಿಸಲಿಗೆ ಇಡಲೇನು?”
“ಬಿಸಲಿಗಲ್ಲ, ಸೀಳ್ತದ. ಬಿಸಲಿನ ಬಾಜೂಕ.”

ಬಿಸಲಿನ ಬಾಜೂಕ!
ಮೇ ತಿಂಗಳ ಕಲಬುರಗಿಯಾಗ
ಅಂಥಾ ಜಾಗ ಎಲ್ಲದ?
ಬೇವಿನ ಗಿಡದ ನೆಳ್ಳು ಹುಡುಕಿ
ಇಪ್ಪತ್ತೂ ಖಾನೆ ಶಹಾಬಾದ ಫರಸಿಮ್ಯಾಲ ಹರವಿದೆ.
ನೆಳ್ಳು ಸರದಂಗ ಸರಸಿದೆ:
ಹನ್ನೊಂದಕ್ಕ ಇಲ್ಲಿ, ಎರಡಕ್ಕ ಅಲ್ಲಿ,
ನಾಕಕ್ಕ ಸುಗಲಾಬಾಯಿ ಕಟ್ಟಿಮ್ಯಾಲ.
ಹುಟ್ಟಿದಾಗಿಂದ ಬೈಕೋತ ಬಂದ ಬಿಸಲಿಗೆ
ಆ ವಾರ ಒಂದು ಮಾತು ಅನಲಿಲ್ಲ.
ಮೋಡ ಕಂಡ್ರ ಸಿಟ್ಟು.

ರಾತ್ರಿ ಅಡಿಗಿ ಸೋಡಾ ಉದುರಿಸಿದೆ, ಮುಂಜಾನಿ ಝಾಡಿಸಿದೆ,
ವಾಟಿಯೊಳಗ ಇದ್ದಿಲು ಇಟ್ಟೆ.
ಸುಗಲಾಬಾಯಿ ಕೇಳದನ ಲೋಬಾನ ತಂದಳು.
ಗಲ್ಲಿ ಹುಡುಗ್ರು ಸಾಲಾಗಿ ಕುಂತು, ಮೂಗು ಹಾಕಿ,
‘ಪಾಸು’ ‘ನಾಪಾಸು’ ಅಂತ ಒದರಿದ್ರು.
ಮೂರನೇ ದಿನಕ್ಕ ಒಂಬತ್ತು ಪಾಸು,
ಐದಕ್ಕ ಹದಿನಾಲ್ಕು.
ಉಳದವುಕ್ಕ ಮಸ್ತಾನ ಸಾಬ ತಳ ತಿಕ್ಕಿ
ಒಳಗ ಅರಗಿನ ಪಾಲಿಶ್ ಎಳದ.
“ಹೋಗದ್ದನ್ನ ಮುಚ್ಚಿಬಿಡೂದು. ಅದೂ ಒಂದು ಇಲಾಜು.”

ಒಂದು ಮಾತ್ರ ಜಗ್ಗಲಿಲ್ಲ.
ಬಿಲ್ಲಿ ಓದಿ ಅವನೇ ಹೇಳಿದ, ಹದಿನೇಳು ಅಂತ.
ಮೂರು ಸಲ ಸಿರಕಾ, ಎರಡು ಸಲ ಪಾಲಿಶ್.
ಮುಟ್ಟಿದ್ರ ಒಣಗ್ಯಾದ,
ಮೂಸಿದ್ರ ಅದೇ ಕಚೇರಿ, ಅದೇ ಮಳಿ.
ಬ್ಯಾಟರಿ ಬಿಟ್ಟು ನೋಡಿ ನಕ್ಕ:
“ತಳ ಸಾಗವಾನಿ ಅಲ್ಲ. ಯಾವುದೋ ಡಬ್ಬಿ ಹಲಿಗಿ ಬಡದಾರ.
ಬದಲಿ ಮಾಡ್ತೀನಿ. ನೂರೈವತ್ತು.”
ನಾಳಿಗೆ ಬಾ ಅಂದೆ.

ನನ್ನ ಮಶೀನಿನ ಕೆಳಗ ಒಂದು ಗಂಟದ.
ಹೊಲದಿಟ್ಟು ಯಾರೂ ಒಯ್ಯದ ಜಂಪರ, ಏಳೋ ಎಂಟೋ.
ಒಂದು ಫರಹತಾಬಾದದ ಟೀಚರದ್ದು,
ತೋಳಿಗೆ ಮುತ್ತು ಬೇಕು ಅಂದಾಕಿ, ವರ್ಗ ಆತಂತ.
ಒಬ್ಬಾಕಿ ಬಸುರಿದ್ದಾಗ ಅಳತಿ ಕೊಟ್ಟಿದ್ದಳು,
ಬಿಚ್ಚಲಿಕ್ಕ ಬರಲಿ ಅಂತ
ಒಳಗ ಎರಡು ಇಂಚು ಬಿಟ್ಟೀನಿ.
ಇನ್ನೊಂದರ ಚೀಟಿ ಇಲಿ ತಿಂದದ,
‘...ವ್ವ, ಮೂವತ್ತಾರು’ ಅಷ್ಟೇ ಉಳದದ.
ಒಗೀಲಿಕ್ಕ ಮನಸ್ಸಿಲ್ಲ, ಮಾರೂದು ಸರಿ ಅಲ್ಲ,
ಹೊಸಾವುದರ ಸಂಗಾಟ ಇಟ್ರ
ಗಿರಾಕಿ ಮೂಗು ಮುರೀತಾರ.

ಸಂಜಿಕಿ ಕರೆಂಟ್ ಹೋತು.
ಅವನ್ನ ಒಂದೊಂದೇ ಮಡಚಿ ಹದಿನೇಳರಾಗ ಇಟ್ಟೆ,
ನಡಕ ನಡಕ ಬೇವಿನೆಲಿ.
ಪೂರಾ ಮುಚ್ಚಲಿಲ್ಲ,
ಒಂದು ಬಟ್ಟು ಸಂದಿ ಬಿಟ್ಟೆ.

ಮುಂಜಾನಿ ಮಸ್ತಾನ ಸಾಬ ಹಲಿಗಿ ಹೊತ್ತು ಬಂದ.
ಖಾನೆ ನೋಡಿದ, ನನ್ನ ನೋಡಿದ,
ಚಾ ಕುಡದ.
ತಂದ ಹಲಿಗೀನ ನನ್ನ ಮುರದ ಸ್ಟೂಲಿಗೆ ಬಡದು
ಎಂಬತ್ತು ರೂಪಾಯಿ ಇಸಗೊಂಡು ಹೋದ.